ಸಣ್ಣ ವ್ಯಾಪಾರಿಗೆ ಮೊದಲು ದಿನವಹಿ ಕಲಿಸಿ, ಆಮೇಲೆ ಆ್ಯಪ್, ಯಂತ್ರ

ಸಂಪಾದಕರಿಗೆ,

ಮಾನ್ಯರೇ,

ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಗಳ ಇಲಾಖೆ 2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ಓದುಗರು ಮರೆತಿರಲಾರರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ವಾರ್ಷಿಕ ವಹಿವಾಟಿನ ಮಿತಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು ಎಂದರು. ಇಲಾಖೆಯೂ ‘ಜಿಎಸ್‌ಟಿ ತಿಳಿಯಿರಿ’ ಅಭಿಯಾನ ನಡೆಸಿತು. ಗದ್ದಲ ಅಲ್ಲಿಗೆ ತಣ್ಣಗಾಯಿತು. ಆದರೆ ಆ ಗದ್ದಲಕ್ಕೆ ಮೂಲವಾದ ಕೊರತೆ ಹಾಗೇ ಉಳಿದಿದೆ. ಸ್ಕ್ಯಾನ್ ಮಾಡಿಸಿಕೊಳ್ಳುವುದನ್ನು ಅಂಗಡಿಯವರಿಗೆ ಎಲ್ಲರೂ ಕಲಿಸಿದರು, ಹಾಗೆ ಬಂದ ಹಣದ ಲೆಕ್ಕ ಇಡುವುದನ್ನು ಯಾರೂ ಕಲಿಸಲಿಲ್ಲ.

ಬೀದಿಬದಿ ವ್ಯಾಪಾರಿಗಳಿಗೆ 2020ರಲ್ಲಿ ಬಂದ ಪಿಎಂ ಸ್ವನಿಧಿ ಸಾಲ ಯೋಜನೆಯಲ್ಲಿ ಡಿಜಿಟಲ್ ಪಾವತಿಗೆ ಕ್ಯಾಶ್‌ಬ್ಯಾಕ್ ಇಟ್ಟರು. ಕುಶಲಕರ್ಮಿಗಳಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮದಲ್ಲಿ ತಿಂಗಳಿಗೆ 100 ವಹಿವಾಟಿನವರೆಗೆ ಒಂದೊಂದಕ್ಕೂ 1 ರೂಪಾಯಿ ಪ್ರೋತ್ಸಾಹಧನ ಇಟ್ಟರು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಪ್ರತಿ ಸ್ಕ್ಯಾನ್ ಒಂದು ದಾಖಲೆ ಆಗುತ್ತದೆ, ವರ್ಷದ ಕೊನೆಗೆ ಅವೆಲ್ಲ ಕೂಡಿ ‘ವಹಿವಾಟು’ ಎನಿಸಿಕೊಳ್ಳುತ್ತವೆ ಎಂಬ ಪಾಠ ಇವುಗಳ ಜೊತೆಗೇ ಸಿಗಬೇಕಿತ್ತು. ಉದ್ಯಮಶೀಲತಾ ತರಬೇತಿ ಎಂಬ ಹೆಸರಿನಲ್ಲಿ ನಡೆಯುವ ಶಿಬಿರಗಳಲ್ಲಿ ಏನನ್ನು ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ತಿಳಿಸುವುದು ಈ ಪತ್ರದ ಉದ್ದೇಶ.

ಮೊದಲು ಮಿತಿಯ ಮಾತು. ಹೆಚ್ಚಿನ ಅಂಗಡಿಯವರ ಬಾಯಲ್ಲಿ ಇರುವುದು 40 ಲಕ್ಷ ಎಂಬ ಒಂದೇ ಅಂಕಿ. ವರ್ಷಕ್ಕೆ 40 ಲಕ್ಷ ಎಂದರೆ ದಿನಕ್ಕೆ ಸರಾಸರಿ 10,959 ರೂಪಾಯಿ. ಬಸ್ ನಿಲ್ದಾಣದ ಪಕ್ಕದ ಸಾಧಾರಣ ಅಂಗಡಿಯೂ ಇದನ್ನು ದಾಟುತ್ತದೆ. ಅದೂ ಅಲ್ಲದೆ ಈ 40 ಲಕ್ಷದ ಮಿತಿ ಸರಕನ್ನು ಮಾತ್ರ ಮಾರುವವರಿಗೆ. ಕೂರಿಸಿಯೋ ನಿಲ್ಲಿಸಿಯೋ ಚಹಾ, ತಿಂಡಿ ಕೊಡುವುದು ಸೇವೆ, ಅಲ್ಲಿ ಮಿತಿ 20 ಲಕ್ಷ, ಅಂದರೆ ದಿನಕ್ಕೆ 5,479 ರೂಪಾಯಿ. ಇನ್ನೊಂದು ಮಾತು ತರಬೇತುದಾರರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ: 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ 40 ಲಕ್ಷದ ಅಧಿಸೂಚನೆಯಲ್ಲೇ ಐಸ್‌ಕ್ರೀಂ, ಪಾನ್ ಮಸಾಲ ಮತ್ತು ತಂಬಾಕು ಪದಾರ್ಥ ಮಾರುವವರನ್ನು ಹೊರಗಿಟ್ಟಿದ್ದಾರೆ. ಅಂದರೆ ಬಿಸ್ಕತ್ತು, ಹಾಲಿನ ಜೊತೆ ಸಿಗರೇಟು ಪ್ಯಾಕೆಟ್ ಇಟ್ಟ ಕಾಂಡಿಮೆಂಟ್ಸ್ ಅಂಗಡಿಗೂ ಮಿತಿ 20 ಲಕ್ಷವೇ. ಜುಲೈನ ನೋಟಿಸ್ ಹಿಡಿದು ‘ನಾನು 40 ದಾಟಿಲ್ಲವಲ್ಲ’ ಎಂದುಕೊಂಡ ಎಷ್ಟೋ ಜನ ಈ ಸಾಲನ್ನು ಓದಿರಲಿಕ್ಕಿಲ್ಲ.

ಹಾಲು, ತರಕಾರಿ, ಸೊಪ್ಪಿಗೆ ತೆರಿಗೆ ಇಲ್ಲ, ನಿಜ. ತೆರಿಗೆ ಇಲ್ಲದ ಸರಕನ್ನೇ ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ತೆರಿಗೆ ಇರುವ ಸರಕೂ ಇದ್ದರೆ ಮಿತಿ ಲೆಕ್ಕ ಹಾಕುವಾಗ ಹಾಲಿನ ಮಾರಾಟವನ್ನೂ ಕೂಡಿಸುತ್ತಾರೆ. ಹಾಲಿನಲ್ಲಿ ಸಿಗುವ ಲಾಭ ಅತ್ಯಲ್ಪ, ವಹಿವಾಟು ಮಾತ್ರ ದೊಡ್ಡದು, ಹಾಗಾಗಿ ಬೆಳಗಿನ ಹಾಲಿನ ವ್ಯಾಪಾರವೇ ಅಂಗಡಿಯನ್ನು ಮಿತಿ ದಾಟಿಸುವುದು ಸಾಮಾನ್ಯ. ಒಂದೇ ಪ್ಯಾನ್‌ನಲ್ಲಿ ಎರಡು ಕಡೆ ಅಂಗಡಿ ಇದ್ದರೆ ಎರಡರದ್ದೂ ಕೂಡುತ್ತದೆ.

ದಾಟಿದರೆ ಆಕಾಶ ಕಳಚಿ ಬೀಳುವುದಿಲ್ಲ, ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಒಂದೂವರೆ ಕೋಟಿ ವಹಿವಾಟಿನವರೆಗೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ ಇದೆ. ಕೊಂಡು ಮಾರುವ ವರ್ತಕರು ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ 1ರಷ್ಟು, ಹೋಟೆಲ್‌ನವರು ಶೇ 5ರಷ್ಟು ಕಟ್ಟಿದರೆ ಆಯಿತು. ವರ್ಷಕ್ಕೆ 70 ಲಕ್ಷ ಮಾರುವ ಅಂಗಡಿಯಲ್ಲಿ ಅರ್ಧ ಹಾಲು, ತರಕಾರಿ ಇದ್ದರೆ ತೆರಿಗೆ 35 ಸಾವಿರ ರೂಪಾಯಿ. ಸಿಎಂಪಿ-08 ಎಂಬ ಸಣ್ಣ ತಃಖ್ತೆಯನ್ನು ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ಸಲ್ಲಿಸಬೇಕು. ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4, ಜೂನ್ 30ರೊಳಗೆ. ಇದಕ್ಕೆ ಪ್ರತಿಯಾಗಿ ಗ್ರಾಹಕರಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಗೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ. ರಾಜಿ ತೆರಿಗೆಯವರು ಆನ್‌ಲೈನ್ ವೇದಿಕೆಯಲ್ಲಿ ಮಾರಬಾರದು ಎಂದು ಈಗಲೂ ಕೆಲವು ಶಿಬಿರಗಳಲ್ಲಿ ಹೇಳುತ್ತಾರೆ. ಅದು ಹಳೆಯ ಮಾತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಸರಕು ಮಾರಲು ಅವಕಾಶ ಆಗಿದೆ.

‘ಐದು ರೂಪಾಯಿ ಚಾಕೊಲೇಟಿಗೂ ಬಿಲ್ ಹರಿಯಬೇಕಾ’ ಎಂಬುದು ಅಂಗಡಿಯವರ ದೊಡ್ಡ ಭಯ. ಬೇಕಿಲ್ಲ. 200 ರೂಪಾಯಿಗಿಂತ ಕಡಿಮೆ ಬೆಲೆಯ ವ್ಯಾಪಾರಕ್ಕೆ ಗ್ರಾಹಕ ಕೇಳದಿದ್ದರೆ ಬಿಡಿ ಬಿಡಿ ಬಿಲ್ ಅಗತ್ಯವಿಲ್ಲ, ದಿನದ ಕೊನೆಗೆ ಎಲ್ಲಾ ಸೇರಿಸಿ ಒಂದು ಬಿಲ್ ಬರೆದಿಟ್ಟರೆ ಸಾಕು. ಇಷ್ಟು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಆದರೆ ದಿನದ ಕೊನೆಗೆ ಎಲ್ಲಾ ಸೇರಿಸಿ ಬರೆಯಬೇಕಾದರೆ ದಿನದ ಮಾರಾಟ ಎಷ್ಟೆಂದು ಗೊತ್ತಿರಬೇಕಲ್ಲ. ತರಬೇತಿಯ ಮೊದಲ ಪಾಠ ಇದೇ ಆಗಬೇಕು, ಮತ್ತು ಇದಕ್ಕೆ ಕಂಪ್ಯೂಟರ್ ಬೇಡ. ದಿನವಹಿ ಎಂದರೆ ದಿನದ ಲೆಕ್ಕ ಬರೆಯುವ 200 ಪುಟದ ಒಂದು ನೋಟ್‌ಬುಕ್, ಗಲ್ಲಾ ಮುಚ್ಚುವ ಮುನ್ನ ಹತ್ತು ನಿಮಿಷ. ಬಿಲ್ ಹಾಕದ ಅಂಗಡಿಯಲ್ಲಿ ಮಾರಾಟವನ್ನು ಹಿಂದಿನಿಂದ ಲೆಕ್ಕ ಹಾಕಿ ಹಿಡಿಯಬೇಕು. ಬೆಳಿಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆಂದು ಇಟ್ಟದ್ದು 1,500 ರೂಪಾಯಿ, ರಾತ್ರಿ ಎಣಿಸಿದಾಗ 9,200 ಎಂದಿಟ್ಟುಕೊಳ್ಳಿ. ನಡುವೆ ಗಲ್ಲಾದಿಂದ ಹಾಲಿನವರಿಗೆ ಕೊಟ್ಟದ್ದು 3,400, ಮನೆ ಖರ್ಚಿಗೆ ತೆಗೆದದ್ದು 500, ಯಾರೋ ಪರಿಚಯದವರು ಸ್ಕ್ಯಾನ್ ಮಾಡಿ ನಗದು ಕೇಳಿದ್ದಕ್ಕೆ ಕೊಟ್ಟದ್ದು 1,000. ಹಳೆಯ ಉದ್ರಿ ವಸೂಲಿಯಾಗಿ ನಗದಾಗಿ ಬಂದದ್ದು 600. ರಾತ್ರಿಯ 9,200ರಲ್ಲಿ ಬೆಳಗಿನ 1,500 ಕಳೆದು, ಹೊರಗೆ ಹೋದ 4,900 ಕೂಡಿಸಿ, ಹಳೆಯ ಉದ್ರಿಯ 600 ಕಳೆದರೆ ಆ ದಿನದ ನಗದು ಮಾರಾಟ 12,000. ಯುಪಿಐ ಆ್ಯಪ್‌ನಲ್ಲಿ ಆ ದಿನ 7,450 ಬಂದಿದೆ. ಅದರಲ್ಲಿ ನಗದು ಕೊಟ್ಟ 1,000 ವ್ಯಾಪಾರವಲ್ಲ, ಉಳಿದ 6,450 ವ್ಯಾಪಾರ. ಆ ದಿನ ಹೊಸದಾಗಿ ಉದ್ರಿ ಕೊಟ್ಟ ಸರಕು 800. ಮೂರೂ ಸೇರಿ 19,250. ವರ್ಷವಿಡೀ ಇದೇ ಗತಿಯಲ್ಲಿ ನಡೆದರೆ 70 ಲಕ್ಷ ದಾಟುತ್ತದೆ. ನೋಟ್‌ಬುಕ್‌ನ ಈ ಒಂದು ಸಾಲು ಮೊದಲ ತಿಂಗಳಲ್ಲೇ ಇದನ್ನು ಹೇಳಿಬಿಡುತ್ತದೆ, ನಾಲ್ಕು ವರ್ಷ ಬಿಟ್ಟು ಇಲಾಖೆ ಹೇಳಬೇಕಾಗಿಲ್ಲ.

ಇಲ್ಲಿ ತಪ್ಪುವುದು ಕೂಡಿಸಿ ಕಳೆಯುವುದರಲ್ಲಲ್ಲ, ಬರೆಯದೇ ಬಿಡುವುದರಲ್ಲಿ. ಮನೆಗೆ ತೆಗೆದ ಹಣ, ಮನೆಗೆ ಒಯ್ದ ಸಕ್ಕರೆ, ಎಣ್ಣೆ, ನೆಂಟರಿಗೆ ಕೊಟ್ಟ ಕೈಗಡ ಇವು ಪುಸ್ತಕಕ್ಕೆ ಬರುವುದೇ ಇಲ್ಲ. ತಿಂಗಳ ಕೊನೆಗೆ ಮಾಲಿನವನಿಗೆ ಕೊಡಲು ದುಡ್ಡಿಲ್ಲದಾಗ ವ್ಯಾಪಾರ ಡಲ್ ಎನ್ನುತ್ತಾರೆ. ಅಂಗಡಿ ಲಾಭ ಮಾಡಿರುತ್ತದೆ, ಲಾಭಕ್ಕಿಂತ ಹೆಚ್ಚು ಮನೆಗೆ ಹೋಗಿರುತ್ತದೆ. ಅಂಗಡಿಯಲ್ಲಿ ದುಡಿಯುವ ಮನೆಯವರಿಗೆ ತಿಂಗಳಿಗೆ ಇಷ್ಟು ಎಂದು ಸಂಬಳ ಬರೆದು, ಅಷ್ಟನ್ನೇ ತೆಗೆಯುವ ರೂಢಿ ಮಾಡಿಸುವುದು ತರಬೇತುದಾರರ ಅತಿ ಕಷ್ಟದ, ಅತಿ ಮುಖ್ಯದ ಕೆಲಸ.

ಎರಡನೆಯದು ಬ್ಯಾಂಕ್ ಖಾತೆ. ಜುಲೈನ ನೋಟಿಸ್‌ಗಳಿಗೆ ಉತ್ತರ ಕೊಡಲು ವರ್ತಕರು ಪರದಾಡಿದ್ದು ಇದರಿಂದಲೇ. ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಅನ್ನೇ ಅಂಗಡಿಗೆ ಅಂಟಿಸಿದ್ದರು. ಚೀಟಿ ಎತ್ತಿದ ಹಣ, ತಮ್ಮ ಕಳಿಸಿದ ಸಾಲ, ಮನೆ ಬಾಡಿಗೆ, ಮದುವೆಯ ಮುಯ್ಯಿ, ಅಂಗಡಿಯ ವ್ಯಾಪಾರ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದವು. ಯಾವುದು ವ್ಯಾಪಾರ, ಯಾವುದು ಅಲ್ಲ ಎಂದು ನಾಲ್ಕು ವರ್ಷದ ಮೇಲೆ ವಿಂಗಡಿಸುವುದು ಯಾರಿಂದ ಸಾಧ್ಯ? ಪರಿಹಾರ ಸರಳ. ಅಂಗಡಿಗೆಂದೇ ಬೇರೆ ಖಾತೆ, ಅದಕ್ಕೆ ವ್ಯಾಪಾರಿಗಳಿಗೆಂದೇ ಕೊಡುವ ಮರ್ಚೆಂಟ್ ಕ್ಯೂಆರ್. ಯುಪಿಐ ವ್ಯಾಪಾರಿ ಪಾವತಿಗೆ 2020ರ ಜನವರಿ 1ರಿಂದ ಶುಲ್ಕ ಇಲ್ಲ, ಹಾಗಾಗಿ ವೈಯಕ್ತಿಕ ಕ್ಯೂಆರ್ ಇಟ್ಟುಕೊಂಡು ಉಳಿಸುವುದೇನೂ ಇಲ್ಲ. ಸೌಂಡ್ ಬಾಕ್ಸ್‌ಗೆ ಮಾತ್ರ ತಿಂಗಳ ಬಾಡಿಗೆ ಇರುತ್ತದೆ, ತೆಗೆದುಕೊಳ್ಳುವಾಗಲೇ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಬಾಕ್ಸ್ ಬೇಡವೆಂದು ಮೂಲೆಗೆಸೆದರೂ ಬಾಡಿಗೆ ಕಡಿತ ನಿಲ್ಲುವುದಿಲ್ಲ, ಆ್ಯಪ್‌ನಲ್ಲಿ ಅಥವಾ ಏಜೆಂಟರ ಮೂಲಕ ರದ್ದು ಮಾಡಿಸಿ ಸಂದೇಶ ಬಂದದ್ದನ್ನು ಉಳಿಸಿಕೊಳ್ಳಬೇಕು.

ಮರ್ಚೆಂಟ್ ಕ್ಯೂಆರ್‌ಗೆ ಬಂದವರು ಒಂದು ಕಡೆ ಗೊಂದಲಕ್ಕೆ ಬೀಳುತ್ತಾರೆ. ಕೆಲವು ಆ್ಯಪ್‌ಗಳು ಬಿಡಿ ಪಾವತಿಗಳನ್ನು ಒಟ್ಟುಗೂಡಿಸಿ ನಿಗದಿತ ಹೊತ್ತಿಗೆ ಒಂದೇ ಮೊತ್ತವಾಗಿ ಬ್ಯಾಂಕಿಗೆ ಹಾಕುತ್ತವೆ. ಆ ಹೊತ್ತು ಮೀರಿ ಬಂದದ್ದು ಮರುದಿನದ ಮೊತ್ತಕ್ಕೆ ಸೇರುತ್ತದೆ. ಹಾಗಾಗಿ ಪಾಸ್‌ಬುಕ್‌ನ ಅಂಕಿ ಮತ್ತು ದಿನದ ವ್ಯಾಪಾರ ತಾಳೆಯಾಗುವುದಿಲ್ಲ. ದುಡ್ಡು ಹೋಯಿತೆಂದು ಗಾಬರಿಯಾಗಿ ಮತ್ತೆ ಹಳೆಯ ಕ್ಯೂಆರ್‌ಗೆ ಮರಳಿದವರಿದ್ದಾರೆ. ದಿನದ ವ್ಯಾಪಾರಕ್ಕೆ ಆ್ಯಪ್‌ನ ವರದಿ ನೋಡಬೇಕು, ಬ್ಯಾಂಕಿಗೆ ಬಂತೇ ಎಂಬುದಕ್ಕೆ ಸೆಟ್ಲ್‌ಮೆಂಟ್ ವರದಿ ನೋಡಬೇಕು. ತಿಂಗಳ ಮೊದಲ ದಿನ ಹಿಂದಿನ ತಿಂಗಳ ವರದಿಯನ್ನು ಡೌನ್‌ಲೋಡ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳುವುದನ್ನು ತರಬೇತಿಯಲ್ಲೇ, ಅವರದೇ ಫೋನಿನಲ್ಲಿ, ಅವರ ಕೈಯಿಂದಲೇ ಮಾಡಿಸಬೇಕು.

ಮೋಸದ ಬಗ್ಗೆ ಶಿಬಿರಗಳಲ್ಲಿ ಹೇಳುವುದು ‘ಒಟಿಪಿ ಕೊಡಬೇಡಿ’ ಎಂಬಷ್ಟೇ. ಕೌಂಟರ್‌ನಲ್ಲಿ ನಡೆಯುವ ಮೋಸವೇ ಬೇರೆ. ಸಂಜೆ ಏಳರ ಗಿರಾಕಿ ಗದ್ದಲದಲ್ಲಿ ಹಣ ಹೋದಂತೆ ಕಾಣುವ ನಕಲಿ ಆ್ಯಪ್ ಪರದೆ ತೋರಿಸಿ ಸರಕು ಒಯ್ಯುತ್ತಾರೆ. ನೆಟ್‌ವರ್ಕ್ ಇಲ್ಲದೆ ಸೌಂಡ್ ಬಾಕ್ಸ್ ಮಾತಾಡದಿದ್ದರೆ ಅಂಗಡಿಯವರು ಗಿರಾಕಿಯ ಫೋನ್ ನೋಡಿ ತಲೆಯಾಡಿಸುತ್ತಾರೆ. ಗಿರಾಕಿಯ ಫೋನ್ ಎಂದಿಗೂ ಪುರಾವೆಯಲ್ಲ, ಹಣ ಬಂದದ್ದು ತಮ್ಮ ಆ್ಯಪ್‌ನಲ್ಲಿ ಕಾಣಬೇಕು. ರಾತ್ರಿ ಹೊರಗೆ ಅಂಟಿಸಿಟ್ಟ ಕ್ಯೂಆರ್ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿ ಹೋಗುವುದೂ ಉಂಟು. ಬೆಳಿಗ್ಗೆ ಬಾಗಿಲು ತೆರೆದೊಡನೆ ಮನೆಯ ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ ತಮ್ಮ ಹೆಸರು ಬರುತ್ತದೆಯೇ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಇವೆಲ್ಲಕ್ಕಿಂತ ಗಾಸಿ ಮಾಡುವುದು ಖಾತೆಗೆ ತಡೆ ಬೀಳುವುದು. ಎಲ್ಲೋ ವಂಚನೆಯಿಂದ ಬಂದ ಹಣದಲ್ಲಿ ಯಾರೋ 300 ರೂಪಾಯಿ ಸರಕು ಕೊಂಡರೆ, ದೂರು ದಾಖಲಾದಾಗ ಆ ಹಣ ಹೋದ ಜಾಡು ಹಿಡಿದು ಅಂಗಡಿಯವರ ಖಾತೆಗೂ ಬ್ಯಾಂಕ್ ತಡೆ ಹಾಕಬಹುದು. ಆಗ ಮಾಲಿನವನಿಗೆ ಕೊಡುವ ಹಣವೂ ಇಲ್ಲ, ಮಕ್ಕಳ ಫೀಸಿಗೂ ಇಲ್ಲ. ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಯಾವ ಠಾಣೆ ಎಂಬುದನ್ನು ಬರಹದಲ್ಲಿ ಪಡೆದು, ಆ ದಿನದ ಬಿಲ್ ಅಥವಾ ದಿನವಹಿಯ ಪುಟದ ಜೊತೆ ಆ ಠಾಣೆಗೆ ಬರೆಯಬೇಕು, ತಕರಾರಿರುವ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡುವಂತೆ ಕೇಳಬೇಕು. ಮುಂಜಾಗ್ರತೆಯಾಗಿ ಕ್ಯೂಆರ್ ಜೋಡಿಸಿದ ಖಾತೆಯಲ್ಲಿ ವಾರದ ಖರೀದಿಗೆ ಬೇಕಾದಷ್ಟೇ ಇಟ್ಟು ಉಳಿದದ್ದನ್ನು ಬೇರೆ ಖಾತೆಗೆ ದಾಟಿಸುವುದು ಲೇಸು. ತಮ್ಮ ಹಣವೇ ಮೋಸಕ್ಕೆ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಬಿಲ್ಲಿಂಗ್ ಯಂತ್ರ, ಸಾಫ್ಟ್‌ವೇರ್ ಇದಾದ ಮೇಲೆ ಬರಲಿ. ಮೂರು ತಿಂಗಳು ದಿನವಹಿ ಬರೆದವರ ಕೈಗೆ ಕೊಟ್ಟರೆ ಅದು ನಿಲ್ಲುತ್ತದೆ, ಬರೆಯದವರಿಗೆ ಕೊಟ್ಟರೆ ಆರನೇ ವಾರದ ಹೊತ್ತಿಗೆ ಧೂಳು ಹಿಡಿಯುತ್ತದೆ. ಕಾರಣ, ಅಂಗಡಿಯ ಆರೇಳು ನೂರು ಸರಕನ್ನೂ ಮೊದಲ ದಿನವೇ ತುಂಬಿಸಲು ಹೋಗುತ್ತಾರೆ. ಅರ್ಧಕ್ಕೆ ಸುಸ್ತಾಗಿ, ಇಲ್ಲದ ಸರಕನ್ನೆಲ್ಲ ‘ಇತರೆ’ ಎಂದು ಒತ್ತುತ್ತಾರೆ, ಆಮೇಲೆ ವರದಿಗೆ ಅರ್ಥವೇ ಇರುವುದಿಲ್ಲ. ಹೆಚ್ಚು ಓಡುವ 50 ಸರಕಿನಿಂದ ಶುರುಮಾಡಿ, ವಾರಕ್ಕೆ 50ರಂತೆ ಸೇರಿಸಬೇಕು. ಹೆಸರು ಕನ್ನಡದಲ್ಲಿ, ಕೌಂಟರ್‌ನಲ್ಲಿ ಕೂರುವವರು ಕರೆಯುವ ಹಾಗೇ ಇರಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಬಿಸ್ಕತ್ತು ಶೇ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ ಶೇ 12ರಿಂದ 5ಕ್ಕೆ ಇಳಿದವು. ದರವನ್ನು ಸಾಫ್ಟ್‌ವೇರ್‌ನಲ್ಲಿ ಬದಲಿಸುವುದು ಹೇಗೆಂದು ಗೊತ್ತಿಲ್ಲದೆ ಹಳೆಯ ದರದಲ್ಲೇ ಬಿಲ್ ಹೊಡೆದರೆ ಹೊಣೆ ಅಂಗಡಿಯವರದೇ. ಮಾರಿದವರು ಬಂದು ಮಾಡಿಕೊಡಲಿ ಎಂದು ಕಾಯುವಂತಾಗಬಾರದು. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಸರಕು ಖರೀದಿಯ ಬಿಲ್ ಅಂಥದ್ದಾದರೆ ಅಂದೇ ಫೋಟೊ ತೆಗೆದಿಡಬೇಕು.

ಇನ್ನೊಂದು ಅಪಾಯ ಸದ್ದಿಲ್ಲದೆ ಕೂತಿರುತ್ತದೆ. ಜಿಎಸ್‌ಟಿ ನೋಂದಣಿಯನ್ನು, ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿಯನ್ನು ಸೈಬರ್ ಸೆಂಟರಿನಲ್ಲಿ ಮಾಡಿಸುವಾಗ ಅಲ್ಲಿಯವರು ತಮ್ಮದೇ ಇಮೇಲ್, ಕೆಲವೊಮ್ಮೆ ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಮುಂದೆ ಇಲಾಖೆಯ ನೋಟಿಸ್ ಹೋಗುವುದು ಆ ವಿಳಾಸಕ್ಕೆ, ಅಂಗಡಿಯವರಿಗೆ ಗೊತ್ತಾಗುವುದು ಗಡುವು ಮುಗಿದ ಮೇಲೆ. ಎರಡೂ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಉದ್ಯಮ್ ಹೆಸರಿನಲ್ಲಿ ಶುಲ್ಕ ಕೇಳುವ ಖಾಸಗಿ ಜಾಲತಾಣಗಳಿಗೆ ಹಣ ಕಟ್ಟಬೇಡಿ. ತರಬೇತಿಗೆ ಬಂದ ಪ್ರತಿಯೊಬ್ಬರ ಲಾಗಿನ್ ತೆರೆಸಿ, ಸಂಖ್ಯೆ, ಇಮೇಲ್ ಯಾರದ್ದೆಂದು ನೋಡಿಸುವುದೇ ಒಂದು ಇಡೀ ಮಧ್ಯಾಹ್ನದ ಕೆಲಸ ಆಗಬೇಕು.

ಈಗ ಯಂತ್ರದ ಮಾತು. ಆಹಾರ ಸಂಸ್ಕರಣೆಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಸಹಾಯಧನ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿದೆ. ಅರ್ಧ ದುಡ್ಡು ಸರ್ಕಾರದ್ದು ಎಂದು ಕೇಳಿದವರು ಯಂತ್ರದ ಅಂಗಡಿಗೆ ಓಡುತ್ತಾರೆ. ಸಹಾಯಧನ ಕೈಗೆ ಬರುವ ಹಣವಲ್ಲ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಅದು ಬ್ಯಾಂಕಿನಲ್ಲಿ ಸಾಲದ ಖಾತೆಗೆ ಜೋಡಿಸಿ ಇಟ್ಟಿರುತ್ತದೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ನಡುವೆ ಖಾತೆ ಕೆಟ್ಟರೆ ಅದೂ ಕೈತಪ್ಪುತ್ತದೆ. ಹಾಗಾಗಿ ಸಹಾಯಧನ ಬದಿಗಿಟ್ಟು ಲೆಕ್ಕ ಹಾಕಿದಾಗಲೂ ನಡೆಯುವ ಕೆಲಸಕ್ಕೆ ಮಾತ್ರ ಕೈಹಾಕಬೇಕು.

ಊರೂರಲ್ಲಿ ಏಳುತ್ತಿರುವ ಎಣ್ಣೆ ಗಾಣವನ್ನೇ ತೆಗೆದುಕೊಳ್ಳಿ. ಮರದ ಗಾಣಕ್ಕೆ ಒಂದು ಸಲಕ್ಕೆ 20 ಕೆ.ಜಿ. ಶೇಂಗಾ ಬೀಜ ಹಾಕಿದರೆ ಸುಮಾರು 8 ಕೆ.ಜಿ. ಎಣ್ಣೆ, 11ರಿಂದ 12 ಕೆ.ಜಿ. ಹಿಂಡಿ ಸಿಗುತ್ತದೆ. ಬೀಜ ಕೆ.ಜಿ.ಗೆ 120 ರೂಪಾಯಿ, ಹಿಂಡಿ 40 ಎಂದಿಟ್ಟುಕೊಂಡರೆ, 2,400ರಲ್ಲಿ ಹಿಂಡಿಯ 460 ಕಳೆದು ಉಳಿದ 1,940 ರೂಪಾಯಿ 8 ಕೆ.ಜಿ. ಎಣ್ಣೆಯ ಮೇಲೆ ಬೀಳುತ್ತದೆ. ಇಲ್ಲೇ ಮೊದಲ ತಪ್ಪು. ಒಂದು ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. 8 ಕೆ.ಜಿ. ಎಂದರೆ 8.8 ಲೀಟರ್. ಲೀಟರಿಗೆ ಬೀಜದ ಖರ್ಚು 220 ರೂಪಾಯಿ. ಲೀಟರ್ ಎಂದು ಬರೆದ ಬಾಟಲಿಗೆ ತಕ್ಕಡಿಯಲ್ಲಿ ಒಂದು ಕೆ.ಜಿ. ತೂಗಿ ತುಂಬಿದರೆ ಪ್ರತಿ ಬಾಟಲಿಗೆ 90 ಗ್ರಾಂ, ಅಂದರೆ ಸುಮಾರು 22 ರೂಪಾಯಿಯ ಎಣ್ಣೆ ಪುಕ್ಕಟೆ ಹೋಯಿತು. ಅದೇ ಲೀಟರ್ ಅಳತೆಯಲ್ಲಿ ತುಂಬಿ ಕೆ.ಜಿ. ಎಂದು ಬರೆದರೆ ತೂಕದಲ್ಲಿ ಮೋಸ, ಕಾನೂನು ಮಾಪನಶಾಸ್ತ್ರ ಇಲಾಖೆಯ ದಂಡ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ 12 ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬುದೂ ಹೊಸಬರಿಗೆ ತಿಳಿದಿರುವುದಿಲ್ಲ.

ಕೂಲಿ, ಕರೆಂಟು, ಬಾಟಲಿ, ಲೇಬಲ್, ತಳಕ್ಕೆ ಕೂರುವ ಮಡ್ಡಿಯ ನಷ್ಟ ಸೇರಿಸಿದರೆ ಲೀಟರಿನ ಅಸಲು 260ರ ಹತ್ತಿರ ಬರುತ್ತದೆ. ಗಾಣ, ಮೋಟಾರು, ಜೋಡಣೆಗೆ ಎರಡೂವರೆ ಲಕ್ಷ ಸಾಲ, ಶೇ 10ರ ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 5,300 ರೂಪಾಯಿ. ತಿಂಗಳಿಗೆ 200 ಲೀಟರ್ ಮಾರಿದರೆ ಕಂತು ಲೀಟರಿಗೆ ಸುಮಾರು 27 ರೂಪಾಯಿ, 600 ಲೀಟರ್ ಮಾರಿದರೆ 9 ರೂಪಾಯಿ. 300ಕ್ಕೆ ಲೀಟರ್ ಮಾರಿದಾಗ 200 ಲೀಟರ್‌ನವರಿಗೆ ತಿಂಗಳಿಗೆ ಉಳಿಯುವುದು 2,700 ರೂಪಾಯಿ, 600 ಲೀಟರ್‌ನವರಿಗೆ 18 ಸಾವಿರಕ್ಕೂ ಹೆಚ್ಚು. ಯಂತ್ರ ಒಂದೇ, ಬೀಜ ಒಂದೇ. ಆದ್ದರಿಂದ ‘ಯಾವ ಕಂಪನಿಯ ಗಾಣ ಒಳ್ಳೆಯದು’ ಎಂಬ ಪ್ರಶ್ನೆಗಿಂತ ಮುಂಚೆ ‘ದಿನಕ್ಕೆ 20 ಲೀಟರ್ ಕೊಳ್ಳುವವರು ಯಾರು’ ಎಂದು ಕೇಳಬೇಕು. ಬಾಡಿಗೆ ಗಾಣದಲ್ಲಿ ಎರಡು ತಿಂಗಳು ಎಣ್ಣೆ ತೆಗೆಸಿ ಮಾರಿ ನೋಡಿದರೆ ಉತ್ತರ ಸಿಗುತ್ತದೆ, ಸಾಲವಿಲ್ಲದೆ.

ಕರೆಂಟಿನ ವಿಷಯವೂ ತರಬೇತಿಯಿಂದ ತಪ್ಪಿಹೋಗುತ್ತದೆ. 3 ಎಚ್‌ಪಿ ಮೋಟಾರು ಎಂದರೆ 2.2 ಕಿಲೋವಾಟ್. ಮನೆಯ ಮೀಟರಿಗೆ ಮಂಜೂರಾದ ಲೋಡ್ ಎಷ್ಟೋ ಕಡೆ ಒಂದು ಕಿಲೋವಾಟ್ ಮಾತ್ರ. ಮನೆಯ ಸಂಪರ್ಕದಿಂದ ಗಾಣ, ಗಿರಣಿ ಓಡಿಸುವುದು ದುರ್ಬಳಕೆ ಎನಿಸಿ ದಂಡ ಬೀಳುತ್ತದೆ. ಹೊಸ ಸಂಪರ್ಕ, ಠೇವಣಿ, ಕಂಬದಿಂದ ವೈರ್ ಎಳೆಯುವ ಖರ್ಚು ಯೋಜನಾ ವರದಿಯಲ್ಲಿ ಇಲ್ಲದಿದ್ದರೆ ಯಂತ್ರ ಬಂದು ಬಾಗಿಲಲ್ಲಿ ನಿಲ್ಲುತ್ತದೆ, ಕಂತು ಮಾತ್ರ ಶುರುವಾಗುತ್ತದೆ. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಇರುವುದು ದಿನದ ಕೆಲವೇ ಗಂಟೆ. ವೋಲ್ಟೇಜ್ ಕುಸಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯಿಲು ಬಿಸಿಯಾಗಿ ಸುಡುತ್ತದೆ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಲೈನ್‌ಮ್ಯಾನ್ ಅವರನ್ನು ಕರೆದು ಯಾವ ಲೈನ್, ಎಷ್ಟು ಹೊತ್ತು, ಎಷ್ಟು ವೋಲ್ಟೇಜ್ ಎಂದು ಕೇಳಿ ತಿಳಿಯಬೇಕು.

ಈ ಪಾಠಗಳನ್ನು ಕಲಿಸಲು ನಮ್ಮಲ್ಲಿ ಸಂಸ್ಥೆಗಳಿಗೆ ಕೊರತೆ ಇಲ್ಲ. ಡಾ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಸ್ವ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಹುಟ್ಟಿತು. ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು ಬಂದವು. ಊಟ, ವಸತಿ ಸಹಿತ ಉಚಿತ ತರಬೇತಿ, ಮುಗಿದ ಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಅವರ ಶಕ್ತಿ. ಧಾರವಾಡದಲ್ಲಿ ಉದ್ಯಮಶೀಲತಾ ತರಬೇತಿ ಕೊಡುವ ಸಿಡಾಕ್ ಇದೆ, ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ಆದರೆ ಆರ್‌ಸೆಟಿ ಮುಖ್ಯವಾಗಿ ರೂಪುಗೊಂಡದ್ದು ನಿರುದ್ಯೋಗಿ ಯುವಜನರಿಗಾಗಿ. ಈಗಾಗಲೇ ಅಂಗಡಿ ಇಟ್ಟವರು ಹತ್ತು ದಿನ ಬಾಗಿಲು ಹಾಕಿ ಹಾಸ್ಟೆಲಿನಲ್ಲಿ ಉಳಿಯಲಾರರು. ಹತ್ತು ದಿನ ಹಾಲು ಸಿಗದ ಗಿರಾಕಿ ಹನ್ನೊಂದನೇ ದಿನ ಮರಳಿ ಬರುವುದಿಲ್ಲ.

ಆದ್ದರಿಂದ ಇರುವ ವ್ಯಾಪಾರಿಗಳಿಗೆ ಬೇರೆಯೇ ಬಗೆಯ ತರಬೇತಿ ಬೇಕು. ಅಂಗಡಿಗಳಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ವಾರಕ್ಕೆ ಒಂದು ದಿನ, ಆ ಎರಡು ಗಂಟೆ, ಆರು ವಾರ. ಜಾಗ ಜಿಲ್ಲಾ ಕೇಂದ್ರದ ಸಭಾಂಗಣವಲ್ಲ, ಮಾರುಕಟ್ಟೆಯ ಪಕ್ಕದ ಸಮುದಾಯ ಭವನ ಅಥವಾ ಎಪಿಎಂಸಿ ಆವರಣ. ಒಂದು ತಂಡದಲ್ಲಿ 15 ಜನಕ್ಕಿಂತ ಹೆಚ್ಚಿರಬಾರದು, ಒಂದೇ ಬಗೆಯ ವ್ಯಾಪಾರದವರಿರಬೇಕು. ಬೇಕರಿಯವರ ಸಮಸ್ಯೆ ಗ್ಯಾರೇಜಿನವರಿಗೆ ತಟ್ಟುವುದಿಲ್ಲ. ದೀಪ ಬೆಳಗುವುದು, ಸ್ಫೂರ್ತಿ ಭಾಷಣ ಬೇಡ, ಆ ಹೊತ್ತಿನಲ್ಲಿ ಹಿಂದಿನ ವಾರದ ದಿನವಹಿ ತೆರೆಸಿ ನೋಡಲಿ. ನಡುವೆ ಎರಡು ಸಲ ತರಬೇತುದಾರರು ಅಂಗಡಿಗೇ ಹೋಗಿ ರಾತ್ರಿ ಗಲ್ಲಾ ಎಣಿಸುವಾಗ ಪಕ್ಕದಲ್ಲಿರಲಿ. ಆ ಹತ್ತು ನಿಮಿಷದಲ್ಲಿ ಕಲಿಯುವುದು ಸಭಾಂಗಣದ ಇಡೀ ದಿನದಲ್ಲಿ ಆಗುವುದಿಲ್ಲ.

ಯಾರನ್ನು ಕರೆಯಬೇಕು ಎಂಬುದೂ ಮುಖ್ಯ. ಪರವಾನಗಿ ಗಂಡನ ಹೆಸರಿನಲ್ಲಿರುತ್ತದೆ, ಬೆಳಗಿನಿಂದ ಕೌಂಟರ್‌ನಲ್ಲಿ ಕೂರುವುದು ಹೆಂಡತಿ. ಶಿಬಿರಕ್ಕೆ ಗಂಡ ಹೋಗಿ ಪ್ರಮಾಣಪತ್ರ ತರುತ್ತಾನೆ. ಸಾಲದ ವಿಷಯದಲ್ಲಿ ಇದು ತಿರುವುಮುರುವು: ಸೌಲಭ್ಯಕ್ಕೆಂದು ಸಾಲ ಹೆಂಡತಿಯ ಹೆಸರಿನಲ್ಲಿ, ಫೋನ್, ಪಾಸ್‌ಬುಕ್ ಗಂಡನ ಕೈಯಲ್ಲಿ. ಹಣ ಎಣಿಸುವ ಕೈಯೇ ತರಬೇತಿಗೆ ಬರಬೇಕು, ಸಾಧ್ಯವಾದರೆ ಇಬ್ಬರೂ ಸರದಿಯಲ್ಲಿ ಬರಲಿ.

ಎಷ್ಟು ಜನ ಬಂದರು, ಎಷ್ಟು ಪ್ರಮಾಣಪತ್ರ ಕೊಟ್ಟೆವು ಎಂಬುದೇ ಈಗ ವರದಿಯಾಗಿದೆ. ಅದರ ಬದಲು ಆರು ತಿಂಗಳ ಮೇಲೆ ಮೂರು ಪ್ರಶ್ನೆ ಕೇಳಲಿ: ನಿನ್ನೆಯ ದಿನವಹಿ ಬರೆದಿದೆಯೇ, ಅಂಗಡಿಯ ಖಾತೆ ಬೇರೆ ಇದೆಯೇ, ಜಿಎಸ್‌ಟಿ ಲಾಗಿನ್ ನಿಮ್ಮದೇ ಮೊಬೈಲಿನಲ್ಲಿದೆಯೇ? ತರಬೇತಿ ನಡೆಸಿದ ಸಂಸ್ಥೆಗೆ ಕೊಡುವ ಹಣದ ಒಂದು ಪಾಲನ್ನು ಈ ಉತ್ತರಗಳಿಗೆ ಕಟ್ಟಿಹಾಕಿದರೆ ಪಾಠದ ರೀತಿ ತಾನಾಗಿ ಬದಲಾಗುತ್ತದೆ.

ವಾಣಿಜ್ಯ ತೆರಿಗೆಗಳ ಇಲಾಖೆ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಆರ್‌ಸೆಟಿಗಳು ಜೊತೆಗೂಡಿ ತಾಲ್ಲೂಕಿಗೊಂದರಂತೆ ಇಂಥ ಮಧ್ಯಾಹ್ನದ ತಂಡಗಳನ್ನು ಜನವರಿಯಲ್ಲೇ ಶುರುಮಾಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇವೆ. ಜನವರಿ ಎನ್ನಲು ಕಾರಣವಿದೆ. ಈಗಾಗಲೇ ನೋಂದಣಿ ಇರುವವರು ಮುಂದಿನ ಆರ್ಥಿಕ ವರ್ಷಕ್ಕೆ ರಾಜಿ ತೆರಿಗೆ ಆಯ್ದುಕೊಳ್ಳಬೇಕಾದರೆ ಮಾರ್ಚ್ 31ರೊಳಗೆ ಸಿಎಂಪಿ-02 ಎಂಬ ಅರ್ಜಿ ಸಲ್ಲಿಸಬೇಕು, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಜನವರಿಯಲ್ಲಿ ಪುಸ್ತಕ ಹಿಡಿದವರ ಕೈಯಲ್ಲಿ ಆ ಹೊತ್ತಿಗೆ ಸುಮಾರು ಮೂರು ತಿಂಗಳ ಸ್ವಂತ ಲೆಕ್ಕ ಇರುತ್ತದೆ. ಆಯ್ಕೆ ಸರಿಯೋ ತಪ್ಪೋ ಎಂದು ಅದನ್ನು ನೋಡಿ ಅವರೇ ತೀರ್ಮಾನಿಸಬಹುದು.

ಇತಿ,
ಸಣ್ಣ ವ್ಯಾಪಾರಿಗಳಿಗೆ ಲೆಕ್ಕಪತ್ರ ಕಲಿಸುವ ತರಬೇತುದಾರರು
ದಾವಣಗೆರೆ